ಒಡಕು ದನಿ ಯಾರದು?

ನಮ್ಮ ಶಾಲೆ-ಕಾಲೇಜುಗಳ ಹಾಡಿನ ಸ್ಪರ್ಧೆಗಳಲ್ಲಿ ತೀರ್ಪುಗಾರರ ಕೈಗೆ ಒಂದು ಹಾಳೆ ಕೊಡುತ್ತಾರೆ. ಶ್ರುತಿಗೆ ಇಷ್ಟು ಅಂಕ, ತಾಳಕ್ಕೆ ಇಷ್ಟು, ಉಚ್ಚಾರಕ್ಕೆ ಇಷ್ಟು, ಕಂಠಮಾಧುರ್ಯಕ್ಕೆ ಇಷ್ಟು. ಹಾಡಿದವನು ಯಾರು, ಯಾತಕ್ಕೆ ಹಾಡಿದ, ಅವನ ದನಿಯ ಹಿಂದೆ ಯಾರ ಬದುಕಿದೆ ಎಂಬುದಕ್ಕೆ ಆ ಹಾಳೆಯಲ್ಲಿ ಜಾಗವಿಲ್ಲ. ಈ ಹಾಳೆ ಹಿಡಿದುಕೊಂಡು ಹೊರಟರೆ ಇಪ್ಪತ್ತನೇ ಶತಮಾನದ ಅನೇಕ ದೊಡ್ಡ ಹಾಡುಗಾರರು ನಪಾಸಾಗುತ್ತಾರೆ. ಅದರಲ್ಲೂ ರಾಕ್ ಸಂಗೀತದ ಮಂದಿ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

ರಾಕ್ ಅಂದರೆ ನಮ್ಮಲ್ಲಿ ಅನೇಕ ಗೆಳೆಯರು ಮೂಗು ಮುರಿಯುತ್ತಾರೆ. ಅದು ಪೇಟೆಯ ಉಳ್ಳವರ ಮಕ್ಕಳು ಕೂದಲು ಬಿಟ್ಟುಕೊಂಡು ಮಾಡುವ ಗಲಾಟೆ, ಇಂಗ್ಲಿಷ್ ಬಲ್ಲವರ ಸೊತ್ತು, ನಮಗೂ ಅದಕ್ಕೂ ಏನು ಸಂಬಂಧ ಅಂತ ಕೇಳುತ್ತಾರೆ. ಪೇಟೆಯ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಸರಕನ್ನು ನೋಡಿ ಹೀಗೆ ಹೇಳುವುದು ಸಹಜ. ಆದರೆ ಆ ಸರಕನ್ನು ಮೊದಲು ಮಾಡಿದ ಕೈಗಳು ಯಾರವು ಅಂತ ಹುಡುಕಿದರೆ ಕಾಣುವುದು ಹತ್ತಿ ಹೊಲದಲ್ಲಿ ದುಡಿದವರು, ಮುಸುರೆ ತಿಕ್ಕಿದವರು, ಕಾರ್ಖಾನೆಯಲ್ಲಿ ಬೆರಳು ಕಳೆದುಕೊಂಡವರು. ಅವರ ಹಿರಿಮೆ ಎಲ್ಲಿಂದ ಬಂತು ಅನ್ನುವುದು ಬರೀ ಸಂಗೀತದ ಪ್ರಶ್ನೆಯಲ್ಲ, ಚರಿತ್ರೆಯ ಪ್ರಶ್ನೆ.

1

ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1739ರಲ್ಲಿ ಗುಲಾಮರು ದಂಗೆಯೆದ್ದರು. ಸ್ಟೋನೊ ನದಿಯ ಬಳಿ ಶುರುವಾದ ಆ ದಂಗೆಯಲ್ಲಿ ಅವರು ಡೋಲು ಬಡಿದುಕೊಂಡು ಜನ ಕೂಡಿಸುತ್ತಾ ನಡೆದರು. ದಂಗೆಯನ್ನು ರಕ್ತದಲ್ಲಿ ಮುಳುಗಿಸಿದ ಒಡೆಯರು ಮಾರನೇ ವರ್ಷ, 1740ರಲ್ಲಿ, ಒಂದು ಕಾನೂನು ತಂದರು. ಗುಲಾಮರು ಅಕ್ಷರ ಕಲಿಯುವಂತಿಲ್ಲ, ಗುಂಪು ಸೇರುವಂತಿಲ್ಲ, ಡೋಲು-ಕೊಂಬು ಇಟ್ಟುಕೊಳ್ಳುವಂತಿಲ್ಲ. ಅಕ್ಷರಕ್ಕೂ ಡೋಲಿಗೂ ಒಂದೇ ಉಸಿರಿನಲ್ಲಿ ನಿಷೇಧ! ಎರಡಕ್ಕೂ ಒಡೆಯರು ಒಂದೇ ಕಾರಣಕ್ಕೆ ಹೆದರಿದರು. ಎರಡೂ ಜನರನ್ನು ಕೂಡಿಸುತ್ತವೆ.

ಡೋಲು ಹೋಯಿತು, ಆದರೆ ತಾಳ ಹೋಗಲಿಲ್ಲ. ಅದು ಅಂಗೈಗೆ ಬಂತು, ಹಿಮ್ಮಡಿಗೆ ಬಂತು, ತೊಡೆಗೆ ಬಂತು. ಹೊಲದಲ್ಲಿ ಗುದ್ದಲಿ ಎತ್ತಿ ಇಳಿಸುವ ಲಯಕ್ಕೆ ಬಂತು. ಒಬ್ಬ ಸೊಲ್ಲು ಎತ್ತಿದರೆ ಉಳಿದವರು ಸೊಲ್ಲು ತೆಗೆದುಕೊಳ್ಳುವ ರೀತಿಯಲ್ಲಿ ಉಳಿಯಿತು. ಮುಂದೆ ಅದು ಗಿಟಾರಿನ ತಂತಿಗೂ ಬಂತು.

1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಯಿತು. ಹೊಲ ಮಾತ್ರ ಒಡೆಯರಲ್ಲೇ ಉಳಿಯಿತು. ಕಪ್ಪು ಜನ ಅದೇ ಹೊಲದಲ್ಲಿ ಪಾಲಿಗೆ ಗೇಯತೊಡಗಿದರು. ನಮ್ಮ ಕಡೆ ಕೋರು ಅಂತಾರಲ್ಲ, ಹಾಗೆ. ಬೀಜ ಒಡೆಯನದು, ಅಂಗಡಿ ಒಡೆಯನದು, ಲೆಕ್ಕದ ಪುಸ್ತಕವೂ ಒಡೆಯನದೇ. ವರ್ಷದ ಕೊನೆಗೆ ಲೆಕ್ಕ ನೋಡಿದರೆ ಗೇದವನದೇ ಸಾಲ. ಜೀತದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಮನೆಗಳಿಂದ ಬಂದ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇಂಥ ಗುಡಿಸಲುಗಳಲ್ಲಿ ಮಕ್ಕಳು ಪೊರಕೆ ಕಟ್ಟಿದ ತಂತಿ ಬಿಚ್ಚಿಕೊಂಡು ಗೋಡೆಗೆ ಎರಡು ಮೊಳೆ ಹೊಡೆದು ಬಿಗಿಯುತ್ತಿದ್ದರು. ಒಂದು ಕೈಯಲ್ಲಿ ತಂತಿ ಮೀಟಿ, ಇನ್ನೊಂದು ಕೈಯಲ್ಲಿ ಸೀಸೆ ಹಿಡಿದು ತಂತಿಯ ಮೇಲೆ ಜಾರಿಸುತ್ತಿದ್ದರು. ಗೋಡೆಯೇ ಬುರುಡೆ, ಮನೆಯೇ ವಾದ್ಯ. ಅಮೆರಿಕದ ಅನೇಕ ದೊಡ್ಡ ಗಿಟಾರುಗಾರರು ಕಲಿತ ಮೊದಲ ಪಾಠಶಾಲೆ ಇದು. ದೊಡ್ಡವರಾದ ಮೇಲೆ ಕೆಲವು ಡಾಲರಿಗೆ ಅಂಚೆಯಲ್ಲಿ ಬರುವ ಅಗ್ಗದ ಗಿಟಾರು ಸಿಕ್ಕಿದಾಗಲೂ ಅದೇ ಸೀಸೆಯ ಕತ್ತನ್ನು ಬೆರಳಿಗೆ ತೊಟ್ಟುಕೊಂಡು ನುಡಿಸಿದರು.

ಇವರ ಹಾಡಿಗೆ ಬ್ಲೂಸ್ ಅನ್ನುತ್ತಾರೆ. ಇದರಲ್ಲಿ ಬರುವ ಗಾಂಧಾರ ಕೋಮಲವೂ ಅಲ್ಲ, ತೀವ್ರವೂ ಅಲ್ಲ, ಎರಡರ ನಡುವೆ ಎಲ್ಲೋ ನರಳುತ್ತದೆ. ಪಿಯಾನೋದಲ್ಲಿ ಆ ಸ್ವರಕ್ಕೆ ಮನೆಯೇ ಇಲ್ಲ. ಬಿಳಿಯರ ಸಂಗೀತ ಪುಸ್ತಕ ಹಿಡಿದು ನೋಡಿದರೆ ಅದು ಅಪಸ್ವರ. ಗಿಟಾರಿನ ತಂತಿಯನ್ನು ಬೆರಳಿನಿಂದ ಅಡ್ಡಕ್ಕೆ ಎಳೆದರೆ, ಸೀಸೆ ಜಾರಿಸಿದರೆ ಮಾತ್ರ ಅದು ಸಿಗುತ್ತದೆ. ಪುಸ್ತಕದಲ್ಲಿ ಜಾಗವಿಲ್ಲದ ಜನ ಪುಸ್ತಕದಲ್ಲಿ ಜಾಗವಿಲ್ಲದ ಸ್ವರವನ್ನೇ ತಮ್ಮದು ಮಾಡಿಕೊಂಡರು.

2

ಮಿಸ್ಸಿಸಿಪ್ಪಿಯ ಸ್ಟೊವಾಲ್ ಎಂಬ ತೋಟದಲ್ಲಿ ಮೆಕಿನ್ಲಿ ಮಾರ್ಗನ್‌ಫೀಲ್ಡ್ ಎಂಬ ಯುವಕ ಟ್ರಾಕ್ಟರು ಓಡಿಸುತ್ತಿದ್ದ. ಊರಿನವರು ಅವನನ್ನು ಮಡ್ಡಿ ವಾಟರ್ಸ್ ಅಂತ ಕರೆಯುತ್ತಿದ್ದರು. 1941ರಲ್ಲಿ ಜನಪದ ಹಾಡು ಸಂಗ್ರಹಿಸಲು ಬಂದ ಅಲನ್ ಲೋಮ್ಯಾಕ್ಸ್ ಮತ್ತು ಫಿಸ್ಕ್ ವಿಶ್ವವಿದ್ಯಾಲಯದ ಕಪ್ಪು ವಿದ್ವಾಂಸ ಜಾನ್ ವರ್ಕ್ ಅವನ ದನಿಯನ್ನು ತಟ್ಟೆಗೆ ಇಳಿಸಿದರು. ತನ್ನ ದನಿಯನ್ನು ತಾನೇ ತಟ್ಟೆಯಲ್ಲಿ ಕೇಳಿದಾಗ ನಾನೂ ಮಾಡಬಲ್ಲೆ ಎಂಬ ಧೈರ್ಯ ಬಂತು ಅಂತ ಅವನೇ ಮುಂದೆ ನೆನೆದುಕೊಂಡಿದ್ದಾನೆ. 1943ರಲ್ಲಿ ಕೂಲಿ ಹೆಚ್ಚಿಸಿ ಅಂತ ಕೇಳಿ, ಇಲ್ಲ ಅನ್ನಿಸಿಕೊಂಡು, ರೈಲು ಹತ್ತಿ ಶಿಕಾಗೊ ಸೇರಿದ.

ಅವನೊಬ್ಬನೇ ಅಲ್ಲ. ಆ ದಶಕಗಳಲ್ಲಿ ಲಕ್ಷಾಂತರ ಕಪ್ಪು ಜನ ಹಳ್ಳಿ ಬಿಟ್ಟು ಉತ್ತರದ ಕಾರ್ಖಾನೆಗಳಿಗೆ ಹೋದರು. ಹಗಲೆಲ್ಲ ದುಡಿದು ಶನಿವಾರ ರಾತ್ರಿ ಹೆಂಡದಂಗಡಿಯಲ್ಲಿ ಸೇರುವ ಆ ಜನರ ಗದ್ದಲದ ನಡುವೆ ಮರದ ಗಿಟಾರು ಕೇಳಿಸುತ್ತಿರಲಿಲ್ಲ. ಮಡ್ಡಿ ವಾಟರ್ಸ್ ವಿದ್ಯುತ್ ಗಿಟಾರು ಹಿಡಿದ. ಸಣ್ಣ ಆಂಪ್ಲಿಫೈಯರನ್ನು ಪೂರ್ತಿ ತಿರುಗಿಸಿದಾಗ ದನಿ ಒಡೆಯಿತು, ಗೊಗ್ಗರಾಯಿತು. ಯಂತ್ರ ಮಾಡಿದ ಎಂಜಿನಿಯರಿಗೆ ಅದು ದೋಷ. ಕೇಳಲು ಬಂದವರಿಗೆ ಅದು ಕಾರ್ಖಾನೆಯಲ್ಲಿ ದಿನವಿಡೀ ಕೇಳಿದ್ದ ಲೋಹದ ಸದ್ದು. ಹಳ್ಳಿಯ ಅಳಲು ಈಗ ಪಟ್ಟಣದ ಯಂತ್ರದ ಬಾಯಲ್ಲಿ ಮಾತಾಡಿತು.

1951ರಲ್ಲಿ ಮೆಂಫಿಸ್ ಊರಿನಲ್ಲಿ ಐಕ್ ಟರ್ನರನ ತಂಡ "ರಾಕೆಟ್ 88" ಎಂಬ ಹಾಡು ಮುದ್ರಿಸಿತು. ಮೊದಲ ರಾಕ್ ರೆಕಾರ್ಡು ಇದೇ ಅಂತ ಹೇಳುವವರು ಅನೇಕರು. ದಾರಿಯಲ್ಲಿ ಗಿಟಾರಿನ ಆಂಪ್ಲಿಫೈಯರು ಪೆಟ್ಟು ತಿಂದಿತ್ತು. ಸರಿ ಮಾಡಿಸಲು ವೇಳೆ ಇಲ್ಲ. ಹರಿದ ಸ್ಪೀಕರಿಗೆ ಕಾಗದ ತುರುಕಿ ಹಾಗೇ ನುಡಿಸಿದರಂತೆ. ಆ ಕೊರಕೊರ ಸದ್ದಿಗಾಗಿ ಮುಂದೆ ಕಂಪನಿಗಳು ಬೇರೆ ಯಂತ್ರವನ್ನೇ ಮಾಡಿ ಮಾರಿದವು! ಬಡವನ ಮುರಿದ ಸಾಮಾನು ಶ್ರೀಮಂತನ ಶೋಕಿಯಾಗುವುದು ಹೀಗೆ.

3

ಇಷ್ಟರಲ್ಲೇ ಒಬ್ಬ ಹೆಣ್ಣುಮಗಳನ್ನು ಚರಿತ್ರೆ ಪಕ್ಕಕ್ಕೆ ತಳ್ಳಿಬಿಟ್ಟಿತ್ತು. ಆಕೆಯ ಹೆಸರು ಸಿಸ್ಟರ್ ರೊಸೆಟ್ಟಾ ಥಾರ್ಪ್. ಹುಟ್ಟಿದ್ದು 1915ರಲ್ಲಿ, ಆರ್ಕನ್ಸಾ ಸೀಮೆಯ ಕಾಟನ್ ಪ್ಲಾಂಟ್ ಎಂಬ ಊರಲ್ಲಿ. ಊರಿನ ಹೆಸರೇ ಹತ್ತಿ ಗಿಡ! ತಾಯಿ ಹೊಲದಲ್ಲಿ ಹತ್ತಿ ಬಿಡಿಸಿ, ಚರ್ಚಿನಲ್ಲಿ ಹಾಡಿ ಉಪದೇಶ ಮಾಡುತ್ತಿದ್ದಾಕೆ. ಮಗಳು ಆರು ವರ್ಷ ತುಂಬುವುದರೊಳಗೇ ಗಿಟಾರು ಹಿಡಿದು ಚರ್ಚಿನ ಮಂದಿಯ ಮುಂದೆ ನಿಂತಳು.

1938ರಲ್ಲಿ ಆಕೆಯ ಮೊದಲ ರೆಕಾರ್ಡುಗಳು ಬಂದವು. ಅದೇ ವರ್ಷ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಹಾಡಿದಳು. ದೇವರ ಹಾಡನ್ನು ಕುಡಿತದ ಕ್ಲಬ್ಬಿಗೆ ತಂದಳು ಅಂತ ಚರ್ಚಿನವರು ಬೈದರು. ಹೆಂಗಸು ಗಿಟಾರು ಹಿಡಿಯುವುದೇ ಎಂದು ಹುಬ್ಬೇರಿಸಿದವರೂ ಇದ್ದರು. ಆಕೆ ಎರಡನ್ನೂ ಕೇಳಿಸಿಕೊಳ್ಳಲಿಲ್ಲ. 1944ರಲ್ಲಿ ಮುದ್ರಿಸಿದ ಒಂದು ಹಾಡಿನಲ್ಲಿ ಆಕೆಯ ವಿದ್ಯುತ್ ಗಿಟಾರಿನ ನಡೆ ಕೇಳಿದರೆ, ಹತ್ತು ವರ್ಷದ ನಂತರ ಗಂಡಸರು ಹೆಸರು ಮಾಡಿದ ರಾಕ್ ಅಲ್ಲೇ ಇದೆ.

ಆದರೂ ದಕ್ಷಿಣದ ಊರುಗಳಲ್ಲಿ ಬಿಳಿಯರ ಹೋಟೆಲು ಆಕೆಗೆ ಕೋಣೆ ಕೊಡಲಿಲ್ಲ. ತನ್ನ ಬಸ್ಸಿನಲ್ಲೇ ಮಲಗಬೇಕಾಯಿತು. ಜೊತೆಗೆ ಹಾಡುತ್ತಿದ್ದ ಬಿಳಿಯ ಹುಡುಗರು ಹೋಟೆಲಿನೊಳಕ್ಕೆ ಹೋಗಿ ಊಟ ಕಟ್ಟಿಸಿಕೊಂಡು ಬಂದು ಬಸ್ಸಿನಲ್ಲಿ ಕೊಡುತ್ತಿದ್ದರು. ಸಾವಿರಾರು ಜನರ ಮುಂದೆ ರಾಣಿಯ ಹಾಗೆ ಹಾಡಿದಾಕೆ ಅನ್ನಕ್ಕೆ ಹಿಂಬಾಗಿಲು ಕಾಯಬೇಕು. ಬೇರೆ ಲೋಟದಲ್ಲಿ ಚಹಾ ಕುಡಿದ ನಮ್ಮ ಹಿರಿಯರಿಗೆ ಇದು ಹೊಸ ಕಥೆಯೇನಲ್ಲ.

1964ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ರೈಲು ನಿಂತುಹೋದ ಹಳೆಯ ನಿಲ್ದಾಣವೊಂದರಲ್ಲಿ ಟೆಲಿವಿಷನ್‌ನವರು ಕಾರ್ಯಕ್ರಮ ಇಟ್ಟರು. ಮಡ್ಡಿ ವಾಟರ್ಸ್ ಕೂಡ ಬಂದಿದ್ದ. ಒಂದು ಪ್ಲಾಟ್‌ಫಾರಮ್ಮಿನಲ್ಲಿ ಬಿಳಿಯ ಯುವಕರು, ಎದುರು ಪ್ಲಾಟ್‌ಫಾರಮ್ಮಿನಲ್ಲಿ ಹಾಡುಗಾರರು. ಮಳೆ ಹಿಡಿಯಿತು. ನಲವತ್ತೊಂಬತ್ತು ವರ್ಷದ ರೊಸೆಟ್ಟಾ ಕೋಟು ತೊಟ್ಟು ಸಾರೋಟಿನಿಂದ ಇಳಿದು, ಗಿಟಾರು ಕೊರಳಿಗೆ ಹಾಕಿಕೊಂಡು, ಮಳೆಯನ್ನು ಕುರಿತ ಹಾಡನ್ನೇ ಎತ್ತಿಕೊಂಡಳು. ಆ ಚಿತ್ರ ಇಂದಿಗೂ ನೋಡಸಿಗುತ್ತದೆ. ಆಕೆಯ ಬೆರಳು ಎಷ್ಟು ವೇಗವಾಗಿ ಓಡಿತು ಎಂಬುದು ಅದರಲ್ಲಿ ದೊಡ್ಡದಲ್ಲ. ಈ ಮಳೆ, ಈ ನಿಲ್ದಾಣ, ಈ ಚಳಿ ಎಲ್ಲವೂ ನನ್ನದೇ ಎಂಬಂತೆ ಆಕೆ ನಿಂತ ರೀತಿ ಇದೆಯಲ್ಲ, ಅದು ದೊಡ್ಡದು. ಯಾವ ಊರಲ್ಲೂ ಜಾಗ ಕೊಡದವರ ಎದುರು ತನ್ನ ಜಾಗವನ್ನು ತಾನೇ ಮಾಡಿಕೊಂಡು ಬಂದವಳ ನಿಲುವು ಅದು.

4

ಹಾಗಾದರೆ ಈ ನಯ, ಈ ಪಾಲಿಶ್ಶು ಯಾರಿಗೆ ಬೇಕಾಗಿತ್ತು?

ಜಾರ್ಜಿಯಾದ ಮೇಕನ್ ಊರಿನ ಬಸ್ ನಿಲ್ದಾಣದಲ್ಲಿ ಮುಸುರೆ ತಿಕ್ಕುತ್ತಿದ್ದ ರಿಚರ್ಡ್ ಪೆನಿಮನ್ ಎಂಬ ಹುಡುಗನಿದ್ದ. ಹದಿನಾಲ್ಕನೇ ವಯಸ್ಸಿನಲ್ಲಿ ಇವನನ್ನು ವೇದಿಕೆಗೆ ಕರೆದು ಹಾಡಿಸಿದವಳು ಇದೇ ರೊಸೆಟ್ಟಾ. ಲಿಟಲ್ ರಿಚರ್ಡ್ ಎಂಬ ಹೆಸರಲ್ಲಿ 1955ರಲ್ಲಿ ಅವನು "ಟೂಟಿ ಫ್ರೂಟಿ" ಹಾಡಿದಾಗ ಅಮೆರಿಕ ಬೆಚ್ಚಿತು. ಅದು ಹಾಡೋ, ಕೂಗೋ, ಚರ್ಚಿನ ಆವೇಶವೋ ಹೇಳಲು ಬಾರದು. ಕೂಡಲೇ ಪ್ಯಾಟ್ ಬೂನ್ ಎಂಬ ಬಿಳಿಯ ಗಾಯಕನಿಂದ ಅದೇ ಹಾಡನ್ನು ಹಾಡಿಸಿದರು. ಶ್ರುತಿ ಸರಿಯಾಗಿತ್ತು, ಉಚ್ಚಾರ ಸ್ಪಷ್ಟವಾಗಿತ್ತು, ಇಸ್ತ್ರಿ ಮಾಡಿದ ಅಂಗಿಯ ಹಾಗಿತ್ತು. 1956ರ ಮಾರಾಟದ ಪಟ್ಟಿಯಲ್ಲಿ ಪ್ಯಾಟ್ ಬೂನ್ ಮೇಲೆ, ಹಾಡು ಹುಟ್ಟಿಸಿದವನು ಕೆಳಗೆ! ಈಗ ಎರಡನ್ನೂ ಒಟ್ಟಿಗಿಟ್ಟು ಕೇಳಿ. ಅಂಕದ ಹಾಳೆ ಹಿಡಿದರೆ ಬೂನ್ ಗೆಲ್ಲುತ್ತಾನೆ. ಕಿವಿ ಹಿಡಿದರೆ ಲಿಟಲ್ ರಿಚರ್ಡ್ ಗೆಲ್ಲುತ್ತಾನೆ. ಆ ಹಾಡು ಅಂದರೆ ಇವತ್ತು ಜಗತ್ತಿಗೆ ನೆನಪಾಗುವುದು ಅವನ ದನಿಯೇ.

ಇನ್ನೊಂದು ಕಥೆ ಬಿಗ್ ಮಾಮಾ ಥಾರ್ನ್‌ಟನ್ನಳದು. ಅಲಬಾಮಾದ ಈ ಗಟ್ಟಿ ಹೆಂಗಸು 1952ರಲ್ಲಿ "ಹೌಂಡ್ ಡಾಗ್" ಹಾಡಿದಳು. ಬರೆದವರು ಇಬ್ಬರು ಬಿಳಿಯ ಹುಡುಗರು. ಆದರೆ ಅದಕ್ಕೆ ಜೀವ ಕೊಟ್ಟದ್ದು ಆಕೆಯ ಗುಡುಗು. ಮನೆಗೆ ಒಂದು ಕಾಸು ತಾರದೆ ಬಾಗಿಲಲ್ಲಿ ಸುಳಿಯುವ ಗಂಡಸನ್ನು ಹೆಂಗಸೊಬ್ಬಳು ನಿವಾಳಿಸಿ ಎಸೆಯುವ ಹಾಡು ಅದು. 1953ರಲ್ಲಿ ಕಪ್ಪು ಜನರ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿತ್ತು. ಹೌದು, ಹಾಡಿಗೂ ಆಗ ಬೇರೆ ಬೇರೆ ಪಟ್ಟಿ! 1956ರಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿದಾಗ ಮಾತುಗಳು ಬದಲಾಗಿದ್ದವು, ಹೆಂಗಸಿನ ಸಿಟ್ಟು ಮಾಯವಾಗಿತ್ತು, ಅದು ನಿಜವಾಗಿಯೂ ನಾಯಿಯ ಹಾಡಾಯಿತು. ಲಕ್ಷಗಟ್ಟಲೆ ತಟ್ಟೆ ಮಾರಿತು. ತನಗೆ ದಕ್ಕಿದ್ದು ಸುಮಾರು 500 ಡಾಲರು ಮಾತ್ರ ಅಂತ ಥಾರ್ನ್‌ಟನ್ ಹೇಳುತ್ತಿದ್ದಳು. 1984ರಲ್ಲಿ ಲಾಸ್ ಏಂಜಲೀಸಿನ ಬಾಡಿಗೆ ಕೋಣೆಯೊಂದರಲ್ಲಿ ತೀರಿಕೊಂಡಳು.

ಇಲ್ಲಿ ಒಂದು ಮಾತು ಹೇಳಬೇಕು. ಎಲ್ವಿಸ್ಸನನ್ನು ಕಳ್ಳ ಅಂತ ಬೈದು ಕೈ ತೊಳೆದುಕೊಳ್ಳುವುದು ಸುಲಭ. ಅವನೂ ಎರಡು ಕೋಣೆಯ ಬಡ ಮನೆಯಲ್ಲಿ ಹುಟ್ಟಿದವನು, ಕಪ್ಪು ಜನರ ಕೇರಿ-ಚರ್ಚುಗಳ ಹಾಡು ಕೇಳಿ ಬೆಳೆದವನು. ಅವನ ದನಿಯಲ್ಲೂ ಆ ಹಸಿವು ಇತ್ತು. ನಾವು ಕೇಳಬೇಕಾದ ಪ್ರಶ್ನೆ ಬೇರೆ: ದನಿ ಬೇಕು, ಆದರೆ ದನಿಯ ಒಡೆಯರು ಬೇಡ ಅಂದ ಬಂಡವಾಳಶಾಹಿಯ ಕಥೆ ಏನು? ಚರ್ಮ ಬೇಕು, ಚಪ್ಪಲಿ ಬೇಕು, ಮಾಡಿದವನು ಮಾತ್ರ ಊರ ಹೊರಗೆ. ಇದು ಅದೇ ನ್ಯಾಯ ಅಲ್ವೇ?

5

"ಹಾಗಾದರೆ ಕಲಿಯುವುದೇ ಬೇಡವೇ? ಬದುಕಿನಲ್ಲಿ ನೋವಿದ್ದರೆ ಸಾಕೇ?" ಅಂತ ವಿದ್ಯಾರ್ಥಿ ಗೆಳೆಯರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ.

ಬಿ.ಬಿ. ಕಿಂಗ್ 1925ರಲ್ಲಿ ಮಿಸ್ಸಿಸಿಪ್ಪಿಯ ಹತ್ತಿ ಹೊಲದ ನಡುವೆ ಹುಟ್ಟಿದವನು. ನೆಂಟ ಬುಕ್ಕಾ ವೈಟ್ ತಂತಿಯ ಮೇಲೆ ಜಾರಿಸಿ ನುಡಿಸುವಂತೆ ತನಗೆ ನುಡಿಸಲು ಬರಲಿಲ್ಲ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಆ ಕಂಪನವನ್ನು ಬರಿ ಬೆರಳಿನಲ್ಲಿ ತರಲು ಹೆಣಗಿದ. ಹೆಣಗಿ ಹೆಣಗಿ ಬೆರಳನ್ನು ನಡುಗಿಸುವ ತನ್ನದೇ ರೀತಿ ಹುಟ್ಟಿತು. ಸ್ವರಮೇಳ ನುಡಿಸುವುದರಲ್ಲಿ ತಾನು ಹಿಂದೆ ಅನ್ನುತ್ತಿದ್ದ. ಹಾಡುತ್ತಲೇ ನುಡಿಸಲೂ ಬಾರದು ಅನ್ನುತ್ತಿದ್ದ. ಹಾಗಾಗಿ ಅವನ ಬಾಯಿ ನಿಂತಾಗ ಗಿಟಾರು ಮಾತಾಡುತ್ತಿತ್ತು, ಗಿಟಾರು ನಿಂತಾಗ ಬಾಯಿ. ಹೊಲದಲ್ಲಿ ಸೊಲ್ಲು ಎತ್ತಿ ಸೊಲ್ಲು ತೆಗೆದುಕೊಳ್ಳುತ್ತಿದ್ದ ರೀತಿಯೇ ಇಲ್ಲಿಗೂ ಬಂತು. ಬೇರೆಯವರು ನೂರು ಸ್ವರದಲ್ಲಿ ಹೇಳುವುದನ್ನು ಅವನು ಒಂದೇ ಸ್ವರದಲ್ಲಿ ಹೇಳಿದ. ಆ ಒಂದು ಸ್ವರದ ಹಿಂದೆ ವರ್ಷಗಟ್ಟಲೆ ಸಾಧನೆ ಇತ್ತು ಎಂಬುದನ್ನು ಮರೆಯಬಾರದು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ 1965ರಲ್ಲಿ ಹದಿನೇಳು ವರ್ಷದ ಟೋನಿ ಅಯೋಮಿ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸಂಗೀತವೇ ಬದುಕು ಅಂತ ಕೆಲಸ ಬಿಡುವ ಕೊನೆಯ ದಿನವೇ ಯಂತ್ರಕ್ಕೆ ಬಲಗೈ ಸಿಕ್ಕಿ ಎರಡು ಬೆರಳಿನ ತುದಿ ಹೋಯಿತು. ಎಡಚನಾದ ಅವನಿಗೆ ತಂತಿ ಒತ್ತುವ ಕೈಯೇ ಅದು. ಡಾಕ್ಟರುಗಳು ಇನ್ನು ಗಿಟಾರು ಮರೆತುಬಿಡು ಅಂದರು. ಕಾರ್ಖಾನೆಯ ಮೇಸ್ತ್ರಿಯೊಬ್ಬ ಅವನಿಗೆ ಜ್ಯಾಂಗೋ ರೈನ್‌ಹಾರ್ಟ್ ಎಂಬಾತನ ರೆಕಾರ್ಡು ತಂದು ಕೇಳಿಸಿದ. ಜ್ಯಾಂಗೋ ಯಾರು? ಯುರೋಪಿನಲ್ಲಿ ಊರೂರು ತಿರುಗುವ, ಊರವರು ಹತ್ತಿರ ಸೇರಿಸದ ರೋಮಾ ಜನಾಂಗದವನು. 1928ರಲ್ಲಿ ಮನೆಯಾಗಿದ್ದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಮಡಚಿಹೋದ ಮೇಲೂ ಉಳಿದ ಬೆರಳುಗಳಲ್ಲಿ ನುಡಿಸಿ ಜಗತ್ತಿನ ದೊಡ್ಡ ಗಿಟಾರುಗಾರನಾದವನು. ಅಯೋಮಿ ಪ್ಲಾಸ್ಟಿಕ್ ಸೀಸೆ ಕರಗಿಸಿ ಬೆರಳಿಗೆ ತೊಪ್ಪಿಗೆ ಮಾಡಿಕೊಂಡ, ಅದರ ಮೇಲೆ ಹಳೆಯ ಜಾಕೀಟಿನ ಚರ್ಮ ಅಂಟಿಸಿದ. ತೆಳು ತಂತಿ ಹಾಕಿದ, ಮುಂದೆ ತಂತಿಯ ಬಿಗಿ ಸಡಿಲಿಸಿ ಶ್ರುತಿಯನ್ನೇ ಕೆಳಕ್ಕೆ ಇಳಿಸಿದ. 1970ರಲ್ಲಿ ಅವನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ರೆಕಾರ್ಡು ಬಂದಾಗ ಅನೇಕ ವಿಮರ್ಶಕರು ಹಳಿದರು. ಅದರ ಭಾರವಾದ ಸದ್ದಿನಲ್ಲಿ ಕಾರ್ಮಿಕರ ಮಕ್ಕಳು ತಮ್ಮ ಊರನ್ನು ಗುರುತಿಸಿದರು. ಆ ಸದ್ದಿನ ಒಳಗೆ ಕಾರ್ಖಾನೆ ಕಿತ್ತುಕೊಂಡ ಎರಡು ಬೆರಳ ತುದಿಯ ಕಥೆ ಇದೆ.

ಇನ್ನು ಜಿಮಿ ಹೆಂಡ್ರಿಕ್ಸ್. 1942ರಲ್ಲಿ ಸಿಯಾಟಲ್ಲಿನಲ್ಲಿ ಹುಟ್ಟಿದವನು. ಬಾಲ್ಯದಲ್ಲಿ ಗಿಟಾರು ಕೊಳ್ಳಲಾಗದೆ ಪೊರಕೆಯನ್ನೇ ಗಿಟಾರಿನಂತೆ ಹಿಡಿದುಕೊಂಡು ತಿರುಗುತ್ತಿದ್ದ. ಸ್ವರಲಿಪಿ ಓದಲು ಬಾರದು. ಎಡಗೈಯವನಾದ್ದರಿಂದ ಬಲಗೈಯವರ ಗಿಟಾರನ್ನು ತಿರುಗಾಮುರುಗಾ ಹಿಡಿದ. ತನ್ನ ಕಂಠ ಚೆನ್ನಾಗಿಲ್ಲ ಅಂತ ನಾಚುತ್ತಿದ್ದ. ಸೈನ್ಯದಲ್ಲಿ ಪ್ಯಾರಾಷೂಟು ದಳದಲ್ಲಿದ್ದು ಬಂದ. ಲಿಟಲ್ ರಿಚರ್ಡನ ಹಿಂದೆ ನಿಂತು ನುಡಿಸಿದ. 1966ರಲ್ಲಿ ಲಂಡನ್ನಿಗೆ ಹೋದ ಮೇಲೆಯೇ ಅವನ ದೇಶ ಅವನನ್ನು ಕಂಡಿತು.

1969ರ ಆಗಸ್ಟ್ 18, ಸೋಮವಾರ ಬೆಳಿಗ್ಗೆ. ವುಡ್‌ಸ್ಟಾಕ್ ಸಂಗೀತ ಮೇಳದ ಕೊನೆ. ನಾಲ್ಕು ಲಕ್ಷದಷ್ಟು ಸೇರಿದ್ದ ಜನರಲ್ಲಿ ಬಹುಪಾಲು ಹೊರಟುಹೋಗಿದ್ದರು. ಕೆಸರಿನ ಮೈದಾನದಲ್ಲಿ ಉಳಿದವರ ಮುಂದೆ ಹೆಂಡ್ರಿಕ್ಸ್ ಅಮೆರಿಕದ ರಾಷ್ಟ್ರಗೀತೆ ನುಡಿಸಿದ. ಮಾತಿಲ್ಲ, ಬರೀ ಗಿಟಾರು. ಆ ಗೀತೆಯಲ್ಲಿ ಬಾಣ-ಬಿರುಸು, ಬಾಂಬುಗಳ ಪ್ರಸ್ತಾಪ ಬರುವ ಕಡೆ ಅವನ ತಂತಿ ಕಿರುಚಿತು, ವಿಮಾನದಂತೆ ಎರಗಿತು, ಸಿಡಿಯಿತು, ಊಳಿಟ್ಟಿತು. ವಿಯೆಟ್ನಾಮಿನಲ್ಲಿ ಅದೇ ಬಾಂಬು ಬೀಳುತ್ತಿದ್ದ ದಿನಗಳು. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಒಂದೂಕಾಲು ವರ್ಷ ಕಳೆದಿತ್ತು. ಕೆಲವು ದಿನಗಳ ನಂತರ ಟೆಲಿವಿಷನ್ನಿನವರು ಇದರ ಬಗ್ಗೆ ಕೇಳಿದಾಗ ತನಗೆ ಅದು ಸುಂದರವಾಗಿಯೇ ಕೇಳಿಸಿತು ಅಂದ. ಅದೂ ನಿಜವೇ. ಸತ್ಯ ಹೇಳುವಾಗ ಸ್ವರ ಒಡೆಯುವುದಾದರೆ ಒಡೆದ ಸ್ವರವೇ ಅಲ್ಲಿ ಶ್ರುತಿಶುದ್ಧ.

ಈ ಮೂವರೂ ಕಲಿಯದವರಲ್ಲ. ಕಲಿತು ಬೆರಳು ಸವೆಸಿದವರು. ಆದರೆ ಅವರು ಕಲಿಕೆಯನ್ನು ತೋರಿಸಲು ನುಡಿಸಲಿಲ್ಲ. ಹೇಳಬೇಕಾದದ್ದು ಇತ್ತು, ಅದಕ್ಕೆ ಬೇಕಾದಷ್ಟು ಕಲಿತರು. ಕಲಿತದ್ದು ಸಾಲದೇ ಹೋದಾಗ ಹೊಸದನ್ನು ಹುಟ್ಟಿಸಿದರು. ಇದೇ ಅವರ ಹಿರಿಮೆ.

6

ಇದನ್ನೆಲ್ಲ ನಮ್ಮ ಪತ್ರಿಕೆಯಲ್ಲಿ ಯಾಕೆ ಬರೆಯಬೇಕು? ನಂಟು ಹೊಸದಲ್ಲ. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಲ್ಲಿನ ಕಪ್ಪು ಜನರ ಸ್ಥಿತಿಗೂ ಇಲ್ಲಿನ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಎತ್ತಿ ಹೇಳಿದ್ದರು. 1966ರಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನೇ 1972ರಲ್ಲಿ ಮುಂಬಯಿಯ ದಲಿತ ಯುವಕರು ತೆಗೆದುಕೊಂಡು ದಲಿತ ಪ್ಯಾಂಥರ್ ಕಟ್ಟಿದರು. ಅದರ ಬಿಸಿ ಕರ್ನಾಟಕಕ್ಕೂ ತಟ್ಟಿತು. 1975ರಲ್ಲಿ ಸಿದ್ಧಲಿಂಗಯ್ಯನವರ "ಹೊಲೆಮಾದಿಗರ ಹಾಡು" ಬಂದಾಗ ಇದು ಕಾವ್ಯವೇ ಅಂತ ಕೇಳಿದವರಿದ್ದರು. ಆ ಹಾಡುಗಳು ಜಾಥಾಗಳಲ್ಲಿ, ಹಾಸ್ಟೆಲುಗಳಲ್ಲಿ, ಕೇರಿಗಳಲ್ಲಿ ಜನರ ಬಾಯಿಗೆ ಬಂದವು. ಉತ್ತರ ಅಲ್ಲೇ ಸಿಕ್ಕಿತು.

ಆದರೆ ಒಂದು ಎಚ್ಚರ ನಮಗೆ ನಾವೇ ಹೇಳಿಕೊಳ್ಳಬೇಕು. ಗಂಟಲು ಹರಿದುಕೊಂಡ ಮಾತ್ರಕ್ಕೆ ಹಾಡಾಗುವುದಿಲ್ಲ. ಘೋಷಣೆಗೆ ರಾಗ ಹಚ್ಚಿದರೆ ಸಾಕು ಅಂತ ಕುಳಿತರೆ ನಾವೂ ಇನ್ನೊಂದು ಬಗೆಯ ಪಾಲಿಶ್ಶಿಗೆ ಬಿದ್ದಂತೆ. ತಮಟೆಯನ್ನು ಬೆಂಕಿಗೆ ಕಾಯಿಸಿ ಬೆರಳಿನಲ್ಲಿ ತಟ್ಟಿ ಹದ ನೋಡುವ ನಮ್ಮ ಹಿರಿಯರಿಗೆ ಈ ಮಾತು ಗೊತ್ತು. ಕಾಯಿಸದ ತಮಟೆ ಡಬಡಬ ಅನ್ನುತ್ತದೆ, ಅತಿಯಾಗಿ ಕಾಯಿಸಿದ್ದು ಹರಿಯುತ್ತದೆ. ಹದ ಬೇಕು. ಆ ಹದ ಯಾರದು, ಯಾರಿಗಾಗಿ ಅನ್ನುವುದೂ ಗೊತ್ತಿರಬೇಕು.

ಕೊನೆಗೆ ಸಮಾಧಿಗಳ ಮಾತು. ಬ್ಲೂಸಿನ ಮಹಾರಾಣಿ ಬೆಸ್ಸಿ ಸ್ಮಿತ್ 1937ರಲ್ಲಿ ಸತ್ತಳು. 1970ರವರೆಗೂ ಅವಳ ಗುಂಡಿಯ ಮೇಲೆ ಹೆಸರು ಬರೆದ ಕಲ್ಲಿರಲಿಲ್ಲ. ಆಗ ಕಲ್ಲು ಹಾಕಿಸಿದವರು ಇಬ್ಬರು ಹೆಂಗಸರು. ಒಬ್ಬಳು ಬಾಲ್ಯದಲ್ಲಿ ಬೆಸ್ಸಿಯ ಮನೆಗೆಲಸ ಮಾಡಿದ್ದ ವಾನೀಟಾ ಗ್ರೀನ್. ಇನ್ನೊಬ್ಬಳು ಬಿಳಿಯ ರಾಕ್ ಹಾಡುಗಾರ್ತಿ ಜಾನಿಸ್ ಜಾಪ್ಲಿನ್. ಥಾರ್ನ್‌ಟನ್ನಳ ಹಾಡನ್ನು ಹಾಡಿ ಹೆಸರು ಮಾಡಿದ ಜಾಪ್ಲಿನ್, ಯಾರ ಋಣದಲ್ಲಿ ತಾನಿದ್ದೇನೆ ಅಂತ ಬಲ್ಲವಳಾಗಿದ್ದಳು. ರೊಸೆಟ್ಟಾ ಥಾರ್ಪ್ 1973ರಲ್ಲಿ ಫಿಲಡೆಲ್ಫಿಯಾದಲ್ಲಿ ಸತ್ತಳು. ಅವಳ ಗುಂಡಿಗೂ ಕಲ್ಲಿಲ್ಲ. 2008ರಲ್ಲಿ ಅಭಿಮಾನಿಗಳು ಕಚೇರಿ ನಡೆಸಿ ಹಣ ಕೂಡಿಸಿದ ಮೇಲೆ ಕಲ್ಲು ಬಂತು. ರಾಕ್ ಸಂಗೀತದ ಗೌರವ ಪಟ್ಟಿಗೆ 1986ರಿಂದ ಹೆಸರು ಸೇರಿಸುತ್ತಾ ಬಂದರು. ಎಲ್ವಿಸ್ ಮೊದಲ ವರ್ಷವೇ ಸೇರಿದ. ರೊಸೆಟ್ಟಾ ಸೇರಿದ್ದು 2018ರಲ್ಲಿ, ಥಾರ್ನ್‌ಟನ್ 2024ರಲ್ಲಿ. ಅಂದರೆ ಸತ್ತು ನಲವತ್ತು ವರ್ಷದ ಮೇಲೆ.

ಹಳ್ಳಿಯ ಮೇಷ್ಟರುಗಳಿಗೆ ನನ್ನದೊಂದು ವಿನಂತಿ. ನಿಮ್ಮ ಊರಲ್ಲಿ ತಮಟೆ ಬಡಿಯುವ, ಸೋಬಾನೆ ಹೇಳುವ, ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವ ಹಿರಿಯರಿದ್ದಾರೆ. ಅವರ ದನಿ ಒಡೆದಿರಬಹುದು. ಮುಂದಿನ ಸಲ ಶಾಲೆಯ ಹಾಡಿನ ಸ್ಪರ್ಧೆ ಇಟ್ಟಾಗ ಅವರನ್ನು ಕರೆದು ಮಕ್ಕಳ ಮುಂದೆ ಕೂರಿಸಿ. ಅಂಕದ ಹಾಳೆ ಬದಿಗಿಡಿ. ಹಾಡು ಬರೆದುಕೊಳ್ಳುವ ಮೊದಲು ಹಾಡಿದವರ ಹೆಸರು ಬರೆದುಕೊಳ್ಳಿ.